ಹೆಸರಿನ ಜೊತೆ ಕಾರಣವೂ ಇರಲಿ

ಮಾನ್ಯರೇ,

ಕರ್ತವ್ಯದಲ್ಲಿದ್ದಾಗಲೇ ಜೀವ ಕಳೆದುಕೊಂಡ ಅಗ್ನಿಶಾಮಕ ಸಿಬ್ಬಂದಿಯ ಸ್ಮಾರಕಗಳ ಬಗ್ಗೆ ನನ್ನದೊಂದು ತಕರಾರಿದೆ. ಬಹಳಷ್ಟು ಕಡೆ ಒಂದು ಕಲ್ಲು, ಅದರ ಮೇಲೆ ಹೆಸರು, ತಾರೀಖು, ಕೆಳಗೆ ‘ಹುತಾತ್ಮರು’ ಅಂತ ಒಂದು ಸಾಲು. ಅಷ್ಟೇ. ವರ್ಷಕ್ಕೊಮ್ಮೆ ಹಾರ ಹಾಕಿ, ಎರಡು ನಿಮಿಷ ಮೌನವಾಗಿ ನಿಂತು ಬರುತ್ತೇವೆ. ಅದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಯಾಕೆ ಸತ್ತರು ಅನ್ನೋದನ್ನು ಆ ಕಲ್ಲು ಹೇಳದಿದ್ದರೆ, ಎಲ್ಲಾ ಹಣೆಬರಹ ಅನ್ನೋ ಹಾಗೆ ಕಾಣುತ್ತದೆ. ಎಷ್ಟೋ ಸಲ ಅದು ಯಾರೋ ಮಾಡಿದ ತಪ್ಪು, ತಪ್ಪಿಸಬಹುದಾಗಿದ್ದ ಸಾವು.

ನಮ್ಮ ದೇಶದಲ್ಲಿ ಪ್ರತಿ ವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಅದೇ ದಿನ ಮುಂಬೈ ಬಂದರಿನಲ್ಲಿ ‘ಫೋರ್ಟ್ ಸ್ಟಿಕೀನ್’ ಹಡಗು ಸಿಡಿದು 66 ಮಂದಿ ಅಗ್ನಿಶಾಮಕರು ಸತ್ತರು. ಆ ಸಂಖ್ಯೆಯನ್ನು ಪ್ರತಿ ಭಾಷಣದಲ್ಲೂ ಹೇಳುತ್ತಾರೆ. ಆದರೆ ಆ ಹಡಗಿನಲ್ಲಿ ಹತ್ತಿ ಬೇಲುಗಳ ಜೊತೆಗೇ ಸುಮಾರು 1,400 ಟನ್ ಸ್ಫೋಟಕ ತುಂಬಿದ್ದರು, ಇವರು ಬೆಂಕಿಗೆ ನೀರು ಹಾಯಿಸುತ್ತಾ ನಿಂತಿದ್ದಾಗಲೇ ಸಂಜೆ ನಾಲ್ಕರ ಹೊತ್ತಿಗೆ ಮೊದಲ ಸ್ಫೋಟ ಆಯಿತು, ಅರ್ಧ ಗಂಟೆಯೊಳಗೆ ಇನ್ನೊಂದು ಆಯಿತು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಹತ್ತಿ ಮತ್ತು ಮದ್ದುಗುಂಡನ್ನು ಒಂದೇ ಹಡಗಿಗೆ ತುಂಬಿದವರ ನಿರ್ಧಾರಕ್ಕೆ ಬೆಲೆ ತೆತ್ತವರು ಇವರು. ಇದು ಸ್ಮಾರಕದ ಮೇಲೆ ಇರಬೇಕಾದ ಮಾತು ಅಲ್ವಾ?

ಮೇ 4ರ ಅಂತರರಾಷ್ಟ್ರೀಯ ಅಗ್ನಿಶಾಮಕರ ದಿನದ ಹಿಂದೆಯೂ ಇಂಥದ್ದೇ ಕಥೆ ಇದೆ. 1998ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಲಿಂಟನ್ ಬಳಿ ಕಾಡ್ಗಿಚ್ಚು ಆರಿಸಲು ಹೋದ ಐವರು ಸ್ವಯಂಸೇವಕರು ಒಂದೇ ಗಾಡಿಯಲ್ಲಿ ಸುಟ್ಟುಹೋದರು. ನೀರು ತುಂಬಿಸಿಕೊಳ್ಳಲು ಹೊರಟಿದ್ದಾಗ ಗಾಳಿ ದಿಕ್ಕು ಬದಲಿಸಿತು. ಜೊತೆಗಿದ್ದ ಇನ್ನೊಂದು ಗಾಡಿಯ ಟ್ಯಾಂಕಿನಲ್ಲಿ ಸ್ವಲ್ಪ ನೀರು ಉಳಿದಿತ್ತು, ಅದನ್ನೇ ತಮ್ಮ ಮೇಲೆ ಸಿಂಪಡಿಸಿಕೊಂಡು ಅದರಲ್ಲಿದ್ದವರು ಬದುಕಿದರು. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಬಾರದು, ತಮ್ಮ ಜೀವಕ್ಕೆ ಅಂತ ಒಂದಷ್ಟು ನೀರು ಇಟ್ಟುಕೊಳ್ಳಲೇಬೇಕು ಅನ್ನೋ ಪಾಠವನ್ನು ಅಲ್ಲಿನವರು ಕಲಿತದ್ದು ಹೀಗೆ.

ನನಗೆ ಬಹಳ ಹಿಡಿಸಿದ ಸ್ಮಾರಕ ಅಮೆರಿಕದ ಅರಿಝೋನಾದಲ್ಲಿದೆ. 2013ರ ಜೂನ್ 30ರಂದು ಯಾರ್ನೆಲ್ ಹಿಲ್ ಕಾಡ್ಗಿಚ್ಚಿನಲ್ಲಿ ಒಂದೇ ತಂಡದ 19 ಜನ ಸತ್ತರು. ಅಲ್ಲಿ ಊರ ನಡುವೆ ಕಂಬ ನಿಲ್ಲಿಸಿ ಸುಮ್ಮನಾಗಲಿಲ್ಲ. ಗುಡ್ಡ ಹತ್ತುವ ದಾರಿಯುದ್ದಕ್ಕೂ ಒಬ್ಬೊಬ್ಬರಿಗೆ ಒಂದೊಂದು ಫಲಕ, ಅದರಲ್ಲಿ ಫೋಟೋ ಮತ್ತು ಪರಿಚಯ. ಏದುಸಿರು ಬಿಡುತ್ತಾ ಅವರು ನಡೆದ ಗುಡ್ಡವನ್ನೇ ನಾವೂ ನಡೆದು, ಕೊನೆಗೆ ಅವರು ಸಿಕ್ಕ ಜಾಗಕ್ಕೆ ಇಳಿಯಬೇಕು. ಅಲ್ಲಿ ಕಲ್ಲು ತುಂಬಿದ 19 ತಂತಿ ಬುಟ್ಟಿಗಳು ಸುತ್ತಲೂ ನಿಂತಿವೆ. ಆ ತಗ್ಗಿನಲ್ಲಿ ನಿಂತರೆ ಬೆಂಕಿ ತಿರುಗಿದಾಗ ಓಡಲು ದಾರಿ ಯಾಕೆ ಇರಲಿಲ್ಲ ಅನ್ನೋದು ಯಾರೂ ವಿವರಿಸದೆ ಅರ್ಥವಾಗುತ್ತದೆ.

ಇನ್ನೊಂದು ಮಾತು. ಬೆಂಕಿಯಲ್ಲಿ ಸತ್ತವರು ಮಾತ್ರ ಈ ಲೆಕ್ಕಕ್ಕೆ ಬಂದರೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲೇ ಅಗ್ನಿಶಾಮಕ ಕೆಲಸ ಕ್ಯಾನ್ಸರ್ ತರುತ್ತದೆ ಅಂತ ಹೇಳಿದೆ. ನ್ಯೂಯಾರ್ಕ್‌ನಲ್ಲಿ 2001ರ ಸೆಪ್ಟೆಂಬರ್ 11ರಂದು ಅವಳಿ ಗೋಪುರಗಳ ಮೇಲೆ ದಾಳಿಯಾಗಿ ಅವು ಕುಸಿದಾಗ ಅಗ್ನಿಶಾಮಕ ಇಲಾಖೆಯ 343 ಮಂದಿ ಸತ್ತರು. ಆಮೇಲೆ ಆ ದೂಳು, ಹೊಗೆಯಿಂದ ಬಂದ ಕಾಯಿಲೆಗಳಿಗೆ ಬಲಿಯಾದ ಅಲ್ಲಿನ ಸಿಬ್ಬಂದಿ ಈಗ ಅದಕ್ಕಿಂತ ಜಾಸ್ತಿ. ಅವರ ಹೆಸರನ್ನೂ ಅಲ್ಲಿನ ಇಲಾಖೆ ಕೆತ್ತಿಸುತ್ತಿದೆ. ಆಸ್ಪತ್ರೆಯ ಮಂಚದ ಮೇಲೆ ಹೋದವರೂ ಕರ್ತವ್ಯದಲ್ಲೇ ಹೋದವರು.

ಆದ್ದರಿಂದ ಸ್ಮಾರಕ ಕಟ್ಟಿಸುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಹೆಸರಿನ ಕೆಳಗೆ ಎರಡು ಮೂರು ಸಾಲು ಬರೆಸಿ. ಬೀಗ ಜಡಿದ ತುರ್ತು ಬಾಗಿಲೋ, ಹೇಳದೆ ಕೂಡಿಟ್ಟ ರಾಸಾಯನಿಕವೋ, ಕೈಕೊಟ್ಟ ಉಸಿರಾಟದ ಉಪಕರಣವೋ, ತನಿಖೆಯಲ್ಲಿ ಏನು ಗೊತ್ತಾಯಿತೋ ಅದನ್ನು ಇದ್ದ ಹಾಗೇ ಹೇಳಿ. ಮನೆಯವರನ್ನು ಮೊದಲೇ ಕೇಳಿ, ಅವರಿಗೆ ಬೇಡವಾದದ್ದನ್ನು ಬಿಡಿ. ಹಳೆಯ ಕಲ್ಲುಗಳಲ್ಲಿ ಜಾಗ ಇಲ್ಲದಿದ್ದರೆ ಪಕ್ಕದಲ್ಲೇ ಒಂದು ಬೋರ್ಡ್ ನಿಲ್ಲಿಸಿದರೂ ಆಯಿತು.

ಇಂತಿ,
ಒಬ್ಬ ಓದುಗ