ಹೆಚ್ಚಿಗೆ ಬಂದ ಆ 44

ದೋಸ್ತಾ,

ನಿನ್ನ ಮೆಸೇಜಿಗೆ ಫೋನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ‘ರಾತ್ರಿ ಅಷ್ಟೊತ್ತು ಕೂತು ಏನೋ ಲೆಕ್ಕ ಮಾಡ್ತೀಯ’ ಅಂತ ಕೇಳುವವನು ನೀನೊಬ್ಬನೇ ಅಲ್ಲ. ಅದಕ್ಕೇ ಎಲ್ಲರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ. ನಿಂಬೆಹಣ್ಣಿನ ವಿಷಯ ಎತ್ತುವುದಿಲ್ಲ, ಹೆದರಬೇಡ.

ಮಾಡುತ್ತಿರೋದು ಪರ್ಮುಟೇಶನ್ ಕಾಂಬಿನೇಶನ್, ಅಂದರೆ ಎಷ್ಟು ರೀತಿ ಜೋಡಿಸಬಹುದು, ಎಷ್ಟು ರೀತಿ ಆರಿಸಬಹುದು ಅಂತ ಎಣಿಸೋ ಗಣಿತ. ಹೈಸ್ಕೂಲಿನಲ್ಲಿ ‘ಕ್ರಮಯೋಜನೆ ಮತ್ತು ವಿಕಲ್ಪ’ ಅಂತ ಓದಿದ್ದೆವಲ್ಲ, ಅದೇ. ಆಗ ಎರಡು ಸೂತ್ರ ಬಾಯಿಪಾಠ ಮಾಡಿ, ಮಾರ್ಕ್ಸ್ ತಗೊಂಡು ಮುಂದೆ ಹೋದೆವು. ಆಮೇಲೆ ನೀನು ಕನ್ನಡದ ಕಡೆ ಹೋದೆ, ನಾನು ಕಾಮರ್ಸ್ ಸೇರಿದೆ. ಈಗ ಆಡಿಟರ್ ಆಫೀಸಿನಿಂದ ಬಂದು, ಊಟ ಮಾಡಿ, ಎಲ್ಲರೂ ಮಲಗಿದ ಮೇಲೆ ಅದನ್ನೇ ಮೊದಲಿಂದ ಓದುತ್ತಿದ್ದೇನೆ. ಒಬ್ಬನೇ.

ಒಂದು ಲೆಕ್ಕ ನೋಡು. ಬೀದಿಯ ಗಣೇಶನ ಹಬ್ಬಕ್ಕೆ ಮೂರು ಜನರ ಸಮಿತಿ ಆಗಬೇಕು. ಇರುವವರು 6 ಗಂಡಸರು, 4 ಹೆಂಗಸರು. ಸಮಿತಿಯಲ್ಲಿ ಒಬ್ಬ ಹೆಂಗಸಾದರೂ ಇರಲೇಬೇಕು. ಎಷ್ಟು ರೀತಿ ಆರಿಸಬಹುದು? ಯಾರಿಗಾದರೂ ಮೊದಲು ಹೊಳೆಯುವ ದಾರಿ ಇದು: ನಾಲ್ವರಲ್ಲಿ ಒಬ್ಬ ಹೆಂಗಸನ್ನು ಆರಿಸು, ಷರತ್ತು ಮುಗಿಯಿತು. ಉಳಿದ 9 ಜನರಲ್ಲಿ ಯಾರಾದರೂ ಇಬ್ಬರನ್ನು ತಗೋ, ಅದು 36 ರೀತಿ. 4 ಗುಣಿಸು 36, 144. ಎಷ್ಟು ಸಲೀಸಾಗಿದೆ ಅಲ್ವಾ?

ಪುಸ್ತಕದ ಹಿಂದಿನ ಉತ್ತರ 100. ಒಟ್ಟು 120 ಸಮಿತಿ, ಅದರಲ್ಲಿ ಬರೀ ಗಂಡಸರದ್ದು 20, ಕಳೆದರೆ 100. ಕೋಚಿಂಗ್‌ನಲ್ಲಾದರೆ ‘ಕನಿಷ್ಠ ಒಂದು ಅಂತ ಇದ್ದರೆ ಒಟ್ಟಿನಿಂದ ಕಳೀರಿ’ ಅಂತ ಹೇಳಿ ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ನನಗೆ ಮಾತ್ರ ಆ 144 ಬಿಟ್ಟು ಏಳೋಕೆ ಆಗಲಿಲ್ಲ. ಹೆಚ್ಚಿಗೆ ಬಂದ 44 ಯಾರದ್ದು?

ಅಕ್ಕ, ಅತ್ತಿಗೆ, ಮಾವ ಇರುವ ಒಂದು ಸಮಿತಿ ತಗೋ. ಮೊದಲು ಅಕ್ಕನನ್ನು ಆರಿಸಿ, ಆಮೇಲೆ ಅತ್ತಿಗೆಯನ್ನೂ ಮಾವನನ್ನೂ ಸೇರಿಸಿದರೆ ಒಂದು ಸಲ ಬಂತು. ಮೊದಲು ಅತ್ತಿಗೆ, ಆಮೇಲೆ ಅಕ್ಕ ಮತ್ತು ಮಾವ ಅಂದರೆ ಅದೇ ಸಮಿತಿ ಇನ್ನೊಂದು ಸಲ ಬಂತು. ಅಂದರೆ ಇಬ್ಬರು ಹೆಂಗಸರಿರುವ ಸಮಿತಿ ಎರಡೆರಡು ಸಲ, ಮೂವರಿರುವುದು ಮೂರು ಸಲ ಎಣಿಕೆಗೆ ಬಿದ್ದಿದೆ. ಇಬ್ಬರಿರುವಂಥವು 36, ಅವುಗಳಿಂದ 36 ಜಾಸ್ತಿ. ಮೂವರಿರುವಂಥವು 4, ಒಂದೊಂದರಿಂದ ಎರಡೆರಡು ಜಾಸ್ತಿ, ಅದು 8. ಒಟ್ಟು 44. ಸರಿಯಾಗಿ 44 ಕಣೋ! ಆವತ್ತು ಎದ್ದು ಓಡಾಡಿಬಿಟ್ಟೆ.

ಅಲ್ಲಿಂದ ಯಾವ ಲೆಕ್ಕ ಮಾಡಿದರೂ ಒಂದು ಉದಾಹರಣೆಯನ್ನು ಕೈಗೆ ತಗೊಂಡು, ಇದು ನನ್ನ ಎಣಿಕೆಯಲ್ಲಿ ಎಷ್ಟು ಸಲ ಬರುತ್ತೆ ಅಂತ ನೋಡುತ್ತೇನೆ. ಒಂದೇ ಸಲ ಬರಬೇಕು. ನಿನ್ನ ಛಂದಸ್ಸಿನಲ್ಲೂ ಇದೇ ಇದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ಗಣ ಎಷ್ಟು ಥರ? ಕೊನೆಯ ಅಕ್ಷರ ಲಘುವಾದರೆ ಅದರ ಹಿಂದೆ ಮೂರು ಮಾತ್ರೆ, ಅದು 3 ಥರ. ಗುರುವಾದರೆ ಹಿಂದೆ ಎರಡು ಮಾತ್ರೆ, ಅದು 2 ಥರ. ಸೇರಿ 5. ಯಾವ ಗಣವಾದರೂ ಲಘುವಿನಲ್ಲೋ ಗುರುವಿನಲ್ಲೋ ಮುಗಿಯಲೇಬೇಕು, ಎರಡರಲ್ಲೂ ಮುಗಿಯೋಕಾಗಲ್ಲ. ಹಾಗಾಗಿ ಒಂದೂ ತಪ್ಪಿಸಿಕೊಳ್ಳಲ್ಲ, ಒಂದೂ ಎರಡು ಸಲ ಬರಲ್ಲ. ಕನ್ನಡದಲ್ಲಿ ಗಣದ ಮೊದಲಿಗೇ ಲಘು-ಗುರು ಬರಬಾರದು ಅಂತ ನೀನೇ ಹೇಳಿದ್ದೆ. ಹಾಗಾದರೆ ಒಂದು ಹೋಗಿ 4 ಉಳಿಯುತ್ತೆ. ಬೇಕಿದ್ದರೆ ನಿನ್ನ ಭಾಮಿನಿ ಷಟ್ಪದಿ ತೆಗೆದು ನೋಡು.

ಎಣಿಕೆ ಸರಿನಾ ಅಂತ ನೋಡೋಕೆ ಇನ್ನೊಂದು ದಾರಿ ಅಂದರೆ ಒಂದನ್ನೇ ಎರಡು ಥರ ಎಣಿಸೋದು. 9ನೇ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿ, ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಆರು ರುಚಿಗಳನ್ನು ಎಷ್ಟು ಥರ ಬೆರೆಸಬಹುದು ಅಂತ ಕೇಳಿದ್ದಾರೆ. ಒಂದೊಂದಾಗಿ, ಎರಡೆರಡಾಗಿ ಅಂತ ಹೋದರೆ 6, 15, 20, 15, 6, 1, ಒಟ್ಟು 63. ಹಾಗಲ್ಲದೆ ಪ್ರತಿ ರುಚಿಗೂ ‘ಬೇಕಾ, ಬೇಡವಾ’ ಅಂತ ಕೇಳುತ್ತಾ ಹೋದರೆ ಎರಡನ್ನು ಆರು ಸಲ ಗುಣಿಸಿ 64, ಎಲ್ಲಕ್ಕೂ ಬೇಡ ಅಂದ ಒಂದನ್ನು ಬಿಟ್ಟರೆ 63. ಎರಡು ದಾರಿಯೂ ಒಂದೇ ಕಡೆ ಬಂದು ಸೇರಿದಾಗ ಸರಿ ಅಂತ ಹೇಳೋಕೆ ಇನ್ನೊಬ್ಬರು ಬೇಕಿಲ್ಲ ಅನ್ನಿಸುತ್ತೆ.

ಅನ್ನಿಸುತ್ತೆ ಅಷ್ಟೇ. ನಿಜ ಹೇಳಲಾ? ಬೇಕು. ಒಬ್ಬನೇ ಓದುವವನಿಗೆ ಉತ್ತರ ಪುಸ್ತಕದ ಹಿಂದೆ ಸಿಗುತ್ತೆ, ಆದರೆ ನಾನು ಯೋಚಿಸಿದ ದಾರಿ ಸರಿನಾ ಅಂತ ಹೇಳುವವರು ಇರಲ್ಲ. ಪಕ್ಕದಲ್ಲಿ ಕೂತು ‘ಹೌದಾ? ಅದು ಹೆಂಗೆ?’ ಅಂತ ಒಂದು ಮಾತು ಕೇಳುವವರಿದ್ದರೆ ಸಾಕು ಅನ್ನಿಸುವ ರಾತ್ರಿಗಳಿವೆ. ಮನೆಯಲ್ಲಿ ನಾನು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ ಅಂದುಕೊಂಡಿದ್ದಾರೆ. ನಾನೂ ಅಲ್ಲ ಅಂದಿಲ್ಲ. ಅಮ್ಮ ಹಾಲು ಬಿಸಿ ಮಾಡಿ ಪುಸ್ತಕದ ಪಕ್ಕ ಇಟ್ಟು ಸದ್ದು ಮಾಡದೆ ಹೋಗ್ತಾಳೆ. ನಾನು ಯಾವ ಪರೀಕ್ಷೆಗೂ ಅರ್ಜಿ ಹಾಕಿಲ್ಲ ಕಣೋ. ಇದರಿಂದ ಕೆಲಸ ಸಿಗಲ್ಲ, ಸಂಬಳ ಏರಲ್ಲ. ಸುಮ್ನೆ, ಇಷ್ಟ ಅಂತ ಓದುತ್ತಿದ್ದೇನೆ. ಇಷ್ಟ ಅನ್ನೋ ಒಂದೇ ಕಾರಣವನ್ನು ಮನೆಯಲ್ಲಿ ಹೇಳೋಕೆ ಯಾಕೆ ಇಷ್ಟು ಕಷ್ಟ ಆಗುತ್ತೆ ಅಂತ ನನಗೆ ಗೊತ್ತಾಗ್ತಿಲ್ಲ. ಬೇಕಾಗಿದ್ದದ್ದು ಸೈನ್ಸ್, ಸೇರಿದ್ದು ಕಾಮರ್ಸ್ ಅನ್ನೋದನ್ನೂ ನಿನಗೆ ಯಾವತ್ತೂ ಹೇಳಿರಲಿಲ್ಲ ಅಲ್ವಾ.

ಸರಿ, ಇದನ್ನು ಇಲ್ಲಿಗೆ ಬಿಡೋಣ, ಊರೆಲ್ಲಾ ಓದುತ್ತಿದೆ. ಅಮ್ಮನ ಕೈಗೆ ಮೊಬೈಲ್ ಸಿಗುವ ಮೊದಲು ನಾನೇ ಹೇಳಿಬಿಡುತ್ತೇನೆ. ನಿನ್ನ ಆ ಹಳೇ ಸ್ಕೂಟರು ಇನ್ನೂ ಎಡಕ್ಕೇ ಎಳೆಯುತ್ತಾ? ನಮ್ಮ ಅಧ್ಯಕ್ಷರಿಗೆ ನಮಸ್ಕಾರ ತಿಳಿಸು, ಯಾವ ಅಧ್ಯಕ್ಷರು ಅಂತ ಇಲ್ಲಿ ಬೇಡ.

ನಿನಗೊಂದು ಲೆಕ್ಕ. ದೇವಸ್ಥಾನದ ಹೊರಗೆ ನಾಲ್ಕು ಜನ ಚಪ್ಪಲಿ ಬಿಟ್ಟು ಹೋಗಿದ್ದಾರೆ. ಬರುವಾಗ ಕರೆಂಟಿಲ್ಲ. ಕತ್ತಲಲ್ಲಿ ಒಬ್ಬೊಬ್ಬರು ಒಂದೊಂದು ಜೊತೆ ಮೆಟ್ಟಿಕೊಂಡು ಹೊರಟರು, ಯಾರಿಗೂ ತಮ್ಮದು ಸಿಗಲಿಲ್ಲ. ಹೀಗಾಗೋಕೆ ಎಷ್ಟು ದಾರಿ? ಉತ್ತರ 9, ನಾನೇ ಹೇಳಿಬಿಟ್ಟೆ. ನೀನು ಹೇಗೆ ಎಣಿಸಿದೆ ಅಂತ ಬರಿ. ಭಾನುವಾರ ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕರೆ ಇನ್ನೂ ಒಳ್ಳೇದು, ಪೆನ್ನು ಪೇಪರ್ ನಾನು ತರ್ತೀನಿ.

ನಿನ್ನ,
ಕೊನೇ ಬೆಂಚಿನ ಜೊತೆಗಾರ