ಮಗಳಿಗೊಂದು ಪತ್ರ: ಮೆಣಸಿನ ಲೆಕ್ಕ, ಗದ್ದೆಯ ಲೆಕ್ಕ

ಮಡಿಕೇರಿ
ಭಾನುವಾರ

ಪುಟ್ಟಿ,

ಮಳೆ ಇನ್ನೂ ಬಿಟ್ಟಿಲ್ಲ. ನಾಟಿ ಮಾತ್ರ ನಿನ್ನೆ ಮುಗಿಯಿತು. "ಅಪ್ಪಾ, ಅಂಗಡಿ ಅಕ್ಕಿಗಿಂತ ನಮ್ಮ ಗದ್ದೆ ಅಕ್ಕಿಯೇ ದುಬಾರಿ. ಎಲ್ಲದಕ್ಕೂ ಲೆಕ್ಕ ಕೇಳುವ ನೀವೇ ಹೀಗೆ ಮಾಡಿದರೆ ಹೇಗೆ? ಇದು ರ‍್ಯಾಷನಲ್ಲಾ?" ಅಂತ ಫೋನಿನಲ್ಲಿ ಕೇಳಿದೆಯಲ್ಲ, ಆವತ್ತು ನನಗೆ ಉತ್ತರ ಹೊಳೆಯಲಿಲ್ಲ. ಸಿಟ್ಟು ಬಂತು. ಸಿಗ್ನಲ್ ಹೋಯಿತು ಅಂದದ್ದು ಸುಳ್ಳು, ನಾನೇ ಫೋನ್ ಇಟ್ಟೆ.

ರ‍್ಯಾಷನಲ್ ಅನ್ನುವ ನಿನ್ನ ಆ ಪದಕ್ಕೆ ನಾನು ಸುಮ್ನೆ ವಿವೇಕ ಅಂತೀನಿ. ವಿವೇಕ ಬಿಟ್ಟು ನಾನು ನಡೆದದ್ದುಂಟು. ಆದರೆ ಅದು ಗದ್ದೆಯಲ್ಲಲ್ಲ, ಮೆಣಸಿನಲ್ಲಿ.

ನೀನು ಹೈಸ್ಕೂಲಿನಲ್ಲಿದ್ದಾಗ ಕರಿಮೆಣಸು ಕಿಲೋಗೆ 700 ರೂಪಾಯಿಯ ಹತ್ತಿರ ಹೋಗಿತ್ತು. ಇನ್ನೂ ಏರುತ್ತೆ ಅಂತ ನಾನು ಮಾರಲಿಲ್ಲ. ಅದನ್ನು ತಪ್ಪು ಅನ್ನಲಾರೆ, ನಾಳಿನ ಬೆಲೆ ಯಾರಿಗೆ ಗೊತ್ತು? ತಪ್ಪಾದದ್ದು ಆಮೇಲೆ. ಬೆಲೆ 600 ಆಯಿತು, 500 ಆಯಿತು. ಪ್ರತಿ ಸಲವೂ "ಇಷ್ಟು ಕಳೆದುಕೊಂಡು ಮಾರೋದಾ?" ಅಂತ ಮೂಟೆ ಹಾಗೇ ಇಟ್ಟೆ. ಕಳೆದುಕೊಳ್ಳೋಕೆ ಆ ಏಳುನೂರು ಯಾವತ್ತು ನನ್ನ ಜೇಬಿನಲ್ಲಿತ್ತು, ಹೇಳು? ಕೊನೆಗೆ 350ರ ಆಸುಪಾಸಿನಲ್ಲಿ ಮಾರಿದೆ. ಅದೂ ನಿನ್ನ ಕಾಲೇಜು ಫೀಸಿನ ಕೊನೇ ದಿನ ಬಂತು ಅಂತ.

ನೀನು ಬಿಟ್ಟುಹೋದ ಪಠ್ಯಪುಸ್ತಕ ತಿರುವಿದಾಗ ನನ್ನ ಕಥೆಯೇ ಅಲ್ಲಿತ್ತು. ಡೇನಿಯಲ್ ಕಾನೆಮನ್, ಏಮಸ್ ಟ್ವೆರ್ಸ್ಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲೇ ಬರೆದಿದ್ದರು. ಮನುಷ್ಯ ಕೈಯಲ್ಲಿ ಎಷ್ಟಿದೆ ಅಂತ ನೋಡುವುದಿಲ್ಲವಂತೆ. ಮನಸ್ಸಿನಲ್ಲಿ ಒಂದು ಗೂಟ ನೆಟ್ಟುಕೊಂಡು, ಅದಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಅಳೆಯುತ್ತಾನಂತೆ. ನೂರು ಬಂದ ಖುಷಿಗಿಂತ ನೂರು ಹೋದ ನೋವು ಜಾಸ್ತಿ. ಆ ನೋವು ತಪ್ಪಿಸೋಕೆ ಇನ್ನೂ ದೊಡ್ಡ ಜೂಜಿಗೆ ಇಳಿಯುತ್ತಾನೆ. ನನ್ನ ಗೂಟ ಏಳುನೂರು. ಮೆಣಸು ನನ್ನಲ್ಲಿರದೆ ಕೈಯಲ್ಲಿ ದುಡ್ಡಿದ್ದಿದ್ದರೆ, ಆವತ್ತು ಐನೂರು ಕೊಟ್ಟು ಅದನ್ನು ಕೊಳ್ಳುತ್ತಿದ್ದೆನಾ? ಖಂಡಿತ ಇಲ್ಲ. ಹಾಗಾದರೆ ಇಟ್ಟುಕೊಂಡದ್ದು ಯಾಕೆ?

ಸ್ಪ್ರಿಂಕ್ಲರ್ ವಿಷಯ ಬೇರೆ. ಫೆಬ್ರವರಿಯಲ್ಲಿ ಡೀಸೆಲ್ ಸುಟ್ಟು ರೊಬಸ್ಟಾ ಕಾಫಿಗೆ ನೀರು ಹಾರಿಸಿದೆವು, ಮೂರನೇ ದಿನ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ತಾನಾಗಿಯೇ ಬಂತು. ನಿನ್ನ ಚಿಕ್ಕಪ್ಪ ಇವತ್ತಿಗೂ ಆಡಿಕೊಳ್ಳುತ್ತಾನೆ. ಆದರೆ ಮೊಗ್ಗು ನೀರಿಗೆ ಕಾಯುತ್ತಿತ್ತು, ಕೆರೆಯಲ್ಲಿ ನೀರಿತ್ತು, ಮಳೆಯ ಸುಳಿವಿರಲಿಲ್ಲ. ಆವತ್ತು ಗೊತ್ತಿದ್ದಷ್ಟಕ್ಕೆ ಅದು ಸರಿಯಾದ ತೀರ್ಮಾನವೇ. ಮುಂದಿನ ಸಲ ಹಾಗೇ ಇದ್ದರೆ ನಾನೂ ಹಾಗೇ ಮಾಡುತ್ತೇನೆ.

ಇನ್ನು ಗದ್ದೆ. ನಿನ್ನ ಲೆಕ್ಕ ಸರಿಯಾಗಿಯೇ ಇದೆ. ಆಳು ಸಿಗಲ್ಲ, ಹಂದಿ ಕಾಟ ಬೇರೆ. ಆದರೆ ನೀನು ಅಕ್ಕಿಯ ಲೆಕ್ಕ ಮಾಡಿದೆ. ನಾನು ನಾಟಿ ಮಾಡುವುದು ಅಕ್ಕಿಗಲ್ಲ. ನಮ್ಮ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಹೊಸ ಭತ್ತದ ಕದಿರು ತೆಗೆಯೋಕೆ ಇನ್ನೊಬ್ಬರ ಗದ್ದೆಯಲ್ಲಿ ನಿಲ್ಲೋದು ನನ್ನಿಂದ ಆಗಲ್ಲ. "ಪೊಲಿ ಪೊಲಿ ದೇವಾ" ಅಂತ, ಬೆಳೆ ಹೆಚ್ಚಲಿ ದೇವರೇ ಅಂತ, ಕೂಗುವಾಗ ಕಾಲಡಿ ನಮ್ಮ ಕೆಸರೇ ಇರಬೇಕು. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಇಂಥದ್ದಕ್ಕೂ ಜಾಗ ಕೊಟ್ಟಿದ್ದಾನೆ. ಗುರಿ ಮುಟ್ಟಲು ದಾರಿಯ ಲೆಕ್ಕ ಹಾಕುವುದು ಒಂದು ಬಗೆ. ತಾನು ದೊಡ್ಡದೆಂದು ನಂಬಿದ್ದಕ್ಕಾಗಿ ಫಲ ನೋಡದೆ ನಡೆಯುವುದು ಇನ್ನೊಂದು. ಎರಡನ್ನೂ ಅವನು ವಿವೇಕದ ಸಾಲಿನಲ್ಲೇ ಇಟ್ಟ.

ಇದನ್ನೇ ನೆಪ ಮಾಡಿಕೊಂಡು ಏನು ಬೇಕಾದರೂ ಸಮರ್ಥಿಸಬಹುದು ಅಂತ ನೀನು ಅನ್ನುತ್ತೀಯ, ಗೊತ್ತು. ಮೆಣಸಿನ ಮೂಟೆ ಎದುರಿಗೂ ನಾನು ಏನೇನೋ ನೆಪ ಹೇಳಿಕೊಂಡವನೇ. ಅದಕ್ಕೇ ಈ ಸಲ ಕೂಲಿ, ಗೊಬ್ಬರ, ಟಿಲ್ಲರ್ ಬಾಡಿಗೆ ಎಲ್ಲ ಬರೆದಿಟ್ಟಿದ್ದೇನೆ. ಆ ಒಂದು ರಾತ್ರಿಗೆ ಎಷ್ಟು ತೆರುತ್ತಿದ್ದೇನೆ ಅಂತ ನನಗೂ ತಿಳಿಯಲಿ. ತೀರಾ ಜಾಸ್ತಿ ಅನಿಸಿದರೆ ಮುಂದಿನ ವರ್ಷ ಮನೆ ಮುಂದಿನ ಒಂದು ಗದ್ದೆ ಮಾತ್ರ ನಾಟಿ ಮಾಡುತ್ತೇನೆ.

ಡೈರಿ ಅಡುಗೆಮನೆ ಗೂಡಿನಲ್ಲಿದೆ. ಬಂದಾಗ ನೋಡು. ಕೂಡಿಸಿದ್ದು ತಪ್ಪಿದ್ದರೆ ತಿದ್ದು, ಅಮ್ಮನಿಗೆ ಹೇಳಬೇಡ.

ಅಪ್ಪ