ಶನಿವಾರದ ಸಂಸದರ ಭೇಟಿ: ಹೆಸರು ಕೊಟ್ಟವರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ತಂದೆತಾಯಿಯರನ್ನು ಇಲ್ಲಿಗೆ, ಬ್ರಿಟನ್‌ಗೆ, ಕರೆಸುವ ವೀಸಾ ವಿಷಯವಾಗಿ ನಮ್ಮ ಕ್ಷೇತ್ರದ ಸಂಸದರನ್ನು ಈ ಶನಿವಾರ ಬೆಳಿಗ್ಗೆ 10.30ಕ್ಕೆ ಸಮುದಾಯ ಭವನದಲ್ಲಿ ಕಾಣಲಿರುವ 8 ಮಂದಿಗೆ ಈ ಸೂಚನೆ. ಫೋಟೊ ಇರುವ ಗುರುತಿನ ಚೀಟಿ ಮತ್ತು ವಿಳಾಸದ ಪುರಾವೆ ತನ್ನಿ, 15 ನಿಮಿಷ ಮುಂಚೆ ಬನ್ನಿ, ದೊಡ್ಡ ಚೀಲ ಬೇಡ; ಕಳೆದ ಸಲ ಚಕ್ಕುಲಿ ಡಬ್ಬಿ ತಂದವರು ಅದನ್ನು ಬಾಗಿಲಲ್ಲೇ ತೆರೆದು ತೋರಿಸಬೇಕಾಯಿತು.

ಈ ತಪಾಸಣೆ ನಮ್ಮ ಮೇಲಿನ ಅನುಮಾನವೆಂದು ದಯವಿಟ್ಟು ಭಾವಿಸಬೇಡಿ. 2016ರ ಜೂನ್ 16ರಂದು ಸಂಸದೆ ಜೋ ಕಾಕ್ಸ್ ಅವರನ್ನು ಇಂಥದ್ದೇ ಭೇಟಿಗೆ ಬರುತ್ತಿದ್ದಾಗ ಬರ್‌ಸ್ಟಾಲ್‌ನ ಗ್ರಂಥಾಲಯದ ಹೊರಗೆ ಕೊಲ್ಲಲಾಯಿತು. 2021ರ ಅಕ್ಟೋಬರ್ 15ರಂದು ಲೀ-ಆನ್-ಸೀಯ ಚರ್ಚಿನಲ್ಲಿ ಜನರ ಅಹವಾಲು ಕೇಳುತ್ತಿದ್ದ ಸಂಸದ ಡೇವಿಡ್ ಏಮೆಸ್ ಅವರನ್ನು ಇರಿದು ಕೊಂದವನಂತೂ ಸುಳ್ಳು ಕಾರಣ ಹೇಳಿ ಮೊದಲೇ ಸಮಯ ಪಡೆದು ಬಂದಿದ್ದನು. ಬಾಗಿಲು ಮುಚ್ಚಿದರೆ ಜನ ದೂರವಾಗುತ್ತಾರೆ, ತೆರೆದಿಟ್ಟರೆ ಅಪಾಯ ಎಂಬ ಇಕ್ಕಟ್ಟಿನಲ್ಲಿ ಸಂಸದರ ಕಚೇರಿಯವರಿದ್ದಾರೆ.

ಭೇಟಿಯ ಸ್ಥಳ, ಸಮಯವನ್ನು ಫೇಸ್‌ಬುಕ್‌ನಲ್ಲಿ ಹಾಕಬೇಡಿ. ಕಳೆದ ವಾರ ನಮ್ಮ ಈ ಗುಂಪಿನಲ್ಲಿ ಸಂಸದರ ಬಗ್ಗೆ ಬಂದ "ಇವರಿಗೆ ಬುದ್ಧಿ ಕಲಿಸಬೇಕು" ಎಂಬ ಸಂದೇಶವನ್ನು ಬರೆದವರೇ ಅಳಿಸಲಿ. ಸಿಟ್ಟು ನ್ಯಾಯವಾದದ್ದೇ, ಮಾತು ಮಾತ್ರ ಸರಿಯಲ್ಲ.

ಬರುವುದು ಖಚಿತವೇ ಎಂದು ಗುರುವಾರ ರಾತ್ರಿ 9ರೊಳಗೆ ತಿಳಿಸಿ.